ಆಲೆಮನೆಯ ಲೆಕ್ಕವೂ ಹಾಕಿದ್ದು ಹುಟ್ಟುವ ಮಟ್ಟವೂ

ಕಬ್ಬಿನ ಬೇಸಾಯವುಳ್ಳ ಪ್ರಾಂತಗಳಲ್ಲಿ, ಅದರಲ್ಲಿಯೂ ಮಂಡ್ಯದ ಸೀಮೆಯಲ್ಲಿ, ಸ್ವಂತ ಆಲೆಮನೆಯನ್ನಿಟ್ಟುಕೊಂಡು ತಮ್ಮ ಕಬ್ಬಿನೊಡನೆ ನೆರೆಹೊರೆಯವರ ಕಬ್ಬನ್ನೂ ಕ್ರಯಕ್ಕೆ ತೆಗೆದುಕೊಂಡು, ಬೆಲ್ಲ ಮಾಡಿ ಮಾರುವ ಭೂಮಾಲೀಕರುಂಟು. ಹಂಗಾಮು ಮುಗಿದ ಮೇಲೆ ಪೆಟ್ಟಿಗೆಯಲ್ಲಿ ಉಳಿದ ಹಣವನ್ನು ಎಣಿಸಿ, ಅಷ್ಟೇ ಲಾಭವೆಂದು ತಿಳಿಯುವುದು ಇವರಲ್ಲಿ ಹಲವರ ರೂಢಿ. ಈ ರೂಢಿಯಿಂದ ನಷ್ಟದಲ್ಲಿ ನಡೆಯುವ ಆಲೆಮನೆಯೂ ಲಾಭದಲ್ಲಿರುವಂತೆ ಕಾಣುವುದುಂಟು. ಹೇಗೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಇಲ್ಲಿ ಕೊಟ್ಟಿರುವ ಅಂಕಿಗಳು ಲೆಕ್ಕದ ತಿಳಿವಳಿಕೆಗಾಗಿ ಹಿಡಿದವು. ಆಯಾ ಊರಿನ ಧಾರಣೆಯನ್ನೂ ಕೂಲಿಯನ್ನೂ ವಾಚಕರು ತಾವೇ ಹಾಕಿಕೊಳ್ಳತಕ್ಕದ್ದು.

ಒಬ್ಬ ಭೂಮಾಲೀಕನು ಒಂದು ಹಂಗಾಮಿನಲ್ಲಿ 400 ಟನ್ ಕಬ್ಬನ್ನು ಅರೆಸಿದನೆಂದು ಇಟ್ಟುಕೊಳ್ಳೋಣ. ಇದರಲ್ಲಿ 100 ಟನ್ ಅವನ ಗದ್ದೆಯದು, 300 ಟನ್ ಕೊಂಡದ್ದು. ಟನ್ನಿಗೆ 100 ಕಿಲೋ ಬೆಲ್ಲ ಇಳಿದು, ಕಿಲೋಗೆ 42 ರೂಪಾಯಿ ಸಿಕ್ಕಿದರೆ ಒಟ್ಟು ಮಾರಾಟ 16,80,000 ರೂಪಾಯಿ. ಕೊಂಡ ಕಬ್ಬಿಗೆ ಟನ್ನಿಗೆ 3,000ದಂತೆ 9,00,000. ಸಾಗಣೆ, ಕೂಲಿ ಮೊದಲಾದುವಕ್ಕೆ ಟನ್ನಿಗೆ 600ರಂತೆ 2,40,000. ಬಡ್ಡಿ, ದುರಸ್ತಿ, ಕಾಯಂ ಆಳುಗಳ ಸಂಬಳ ಇವಕ್ಕೆ 2,20,000. ಇವೆಲ್ಲ ಕಳೆದು ಪೆಟ್ಟಿಗೆಯಲ್ಲಿ 3,20,000 ರೂಪಾಯಿ ಉಳಿಯುತ್ತದೆ. ಯಜಮಾನನಿಗೆ ಸಂತೋಷವೇ ಸರಿ. ಆದರೆ ಅವನ ಗದ್ದೆಯ 100 ಟನ್ ಕಬ್ಬನ್ನು ಸಕ್ಕರೆ ಕಾರ್ಖಾನೆಗೋ ಇನ್ನೊಬ್ಬನ ಆಲೆಮನೆಗೋ ಹಾಕಿದ್ದರೆ 3,00,000 ರೂಪಾಯಿ ಬರುತ್ತಿದ್ದಿತು. ಅದನ್ನು ಆಲೆಮನೆಯ ಖರ್ಚಿಗೆ ಹಿಡಿದಿಲ್ಲ. ಗಾಣ, ಮೋಟಾರು, ಕೊಪ್ಪರಿಗೆಗಳಿಗೆ 8,00,000 ರೂಪಾಯಿ ಹಾಕಿ, ಅವು ಹತ್ತು ವರ್ಷ ಬಾಳುವುದಾದರೆ ವರ್ಷಕ್ಕೆ 80,000ದ ಸವಕಳಿ. ಅದನ್ನೂ ಹಿಡಿದಿಲ್ಲ. ಇವೆರಡನ್ನೂ ಕಳೆದರೆ ಆಲೆಮನೆಗೆ ಬಂದದ್ದು 60,000 ರೂಪಾಯಿ ನಷ್ಟ. ಗದ್ದೆಯು ದುಡಿದದ್ದನ್ನು ಆಲೆಮನೆಯು ತಿಂದಿದೆ. ಎರಡಕ್ಕೂ ಒಂದೇ ಪೆಟ್ಟಿಗೆಯಾದುದರಿಂದ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಆದುದರಿಂದ ಗದ್ದೆಗೊಂದು, ಆಲೆಮನೆಗೊಂದು, ಮನೆವಾರ್ತೆಗೊಂದು ಎಂದು ಬೇರೆಬೇರೆ ಖಾತೆಗಳಿರುವುದು ಮೊದಲನೆಯ ಅವಶ್ಯಕತೆ. ಸ್ವಂತ ಗದ್ದೆಯಿಂದ ಬಂದ ಕಬ್ಬನ್ನು ಅಂದಿನ ಧಾರಣೆಯಲ್ಲಿ ಆಲೆಮನೆಯು ಕೊಂಡಂತೆ ಬರೆದು, ಗದ್ದೆಯ ಖಾತೆಗೆ ಜಮಾ ಕೊಡತಕ್ಕದ್ದು.

ಇನ್ನು ಖರ್ಚುಗಳನ್ನು ಎರಡು ಬಗೆಯಾಗಿ ವಿಂಗಡಿಸಬೇಕು. ಒಂದು ಟನ್ ಅರೆಸಿದರೂ ಸಾವಿರ ಟನ್ ಅರೆಸಿದರೂ ಬದಲಾಗದವು ಕಾಯಂ ಖರ್ಚುಗಳು. ಮೇಲಿನ ಆಲೆಮನೆಯಲ್ಲಿ ಸವಕಳಿ 80,000, ಸಾಲದ ಬಡ್ಡಿ 60,000, ಒಲೆ ಮತ್ತು ಚಪ್ಪರದ ದುರಸ್ತಿ 40,000, ಹಂಗಾಮಿಗೆಂದು ಗೊತ್ತುಮಾಡಿದ ಆಳುಗಳ ಸಂಬಳ 1,00,000, ಪರವಾನಗಿ, ವಿಮೆ, ವಿದ್ಯುತ್ತಿನ ನಿಗದಿ ಶುಲ್ಕ 20,000, ಒಟ್ಟು 3,00,000. ಅರೆಸಿದ ಕಬ್ಬಿನೊಡನೆ ಏರಿಳಿಯತಕ್ಕವು ಎರಡನೆಯ ಬಗೆಯವು: ಟನ್ನಿಗೆ ಕಬ್ಬಿನ ಕ್ರಯ 3,000, ಗದ್ದೆಯಿಂದ ಸಾಗಣೆ 150, ಅರೆಯುವ ಮತ್ತು ಪಾಕ ಇಳಿಸುವ ಕೂಲಿ 350, ವಿದ್ಯುತ್ತು, ಸುಣ್ಣ ಮೊದಲಾದುವು 50, ಮಂಡಿಗೆ ಕಳುಹಿಸುವ ಬಾಡಿಗೆ 50, ಒಟ್ಟು 3,600. ಹಿಂಡಿದ ಸಿಪ್ಪೆಯೇ ಒಲೆಗೆ ಉರುವಲಾಗುವುದರಿಂದ ಸೌದೆಯ ಖರ್ಚನ್ನು ಹಿಡಿದಿಲ್ಲ.

ಟನ್ನಿನಿಂದ ಬರುವ 4,200ರಲ್ಲಿ 3,600 ಹೋಗಿ ಉಳಿಯುವುದು 600. ಈ ಆರುನೂರು ಲಾಭವಲ್ಲ. ಅದು ಮೊದಲು ಕಾಯಂ ಖರ್ಚನ್ನು ತೀರಿಸಬೇಕು. 3,00,000ವನ್ನು 600ರಿಂದ ಭಾಗಿಸಿದರೆ 500 ಟನ್. ಇದೇ ಈ ಆಲೆಮನೆಗೆ ಹಾಕಿದ್ದು ಹುಟ್ಟುವ ಮಟ್ಟ. ಲೆಕ್ಕಶಾಸ್ತ್ರದವರು ಸಮಸ್ಥಿತಿ ಬಿಂದುವೆನ್ನುವರು. ದಿನಕ್ಕೆ 4 ಟನ್ ಅರೆಯುವುದಾದರೆ 125 ದಿನಗಳ ಕೆಲಸ. ನೂರಿಪ್ಪತ್ತಾರನೆಯ ದಿನದಿಂದ ಮಾತ್ರ ಟನ್ನಿಗೆ ಆರುನೂರು ರೂಪಾಯಿ ಯಜಮಾನನದು. ಹಂಗಾಮಿಗೆ ಮೊದಲೇ ಈ ಲೆಕ್ಕವನ್ನು ಮಾಡಿ, ಅಷ್ಟು ಕಬ್ಬು ದೊರೆಯುವುದೇ ಎಂದು ವಿಚಾರಿಸಿಕೊಂಡು ಒಲೆ ಹೊತ್ತಿಸುವುದು ಲೇಸು.

ಧಾರಣೆಯು ಕಿಲೋಗೆ 2 ರೂಪಾಯಿ ಇಳಿದು 40 ಆಯಿತೆಂದರೆ, ಟನ್ನಿಗೆ ಉಳಿಯುವುದು 400 ಮಾತ್ರ. ಮಟ್ಟವು 750 ಟನ್ನಿಗೆ ಏರುತ್ತದೆ. ಬೆಲೆಯು ನೂರಕ್ಕೆ ಐದರಷ್ಟು ಕುಸಿದರೆ ಕೆಲಸವು ಒಂದೂವರೆ ಪಾಲಾಗಬೇಕಾಯಿತು. ಮಂಡಿಯ ಬೆಲೆಯು ರೈತನ ಕೈಯಲ್ಲಿಲ್ಲ, ನಿಜ. ಆದರೆ ಬೆಲೆ 42 ಇದ್ದಂತೆಯೇ ಇದ್ದು, ಟನ್ನಿಗೆ ಇಳಿಯುವ ಬೆಲ್ಲವು 100 ಕಿಲೋದಿಂದ 95ಕ್ಕೆ ಬಂದರೂ ಬರುವುದು 3,990 ರೂಪಾಯಿ; ಮಟ್ಟವು ಸುಮಾರು 769 ಟನ್. ಎಂದರೆ ಐದು ಕಿಲೋ ಬೆಲ್ಲದ ಕೊರತೆಯು ಎರಡು ರೂಪಾಯಿ ಬೆಲೆಯಿಳಿತಕ್ಕಿಂತಲೂ ಕೊಂಚ ಹೆಚ್ಚಿನ ಹಾನಿಯೇ. ಕಡಿದ ಕಬ್ಬನ್ನು ಎರಡು ಮೂರು ದಿನ ಬಿಸಿಲಿನಲ್ಲಿ ಬಿಟ್ಟರೆ ಅದರ ಸಕ್ಕರೆಯ ಅಂಶವು ಒಡೆದು ಬೆಲ್ಲದ ಇಳುವರಿಯೂ ಗಟ್ಟಿತನವೂ ಕುಂದುತ್ತವೆ. ಮಂಡಿಯ ಧಾರಣೆಯನ್ನು ದಿನವೂ ವಿಚಾರಿಸುವ ಯಜಮಾನರು, ಒಳಬಂದ ಕಬ್ಬಿನ ತೂಕವನ್ನೂ ಹೊರಬಿದ್ದ ಬೆಲ್ಲದ ತೂಕವನ್ನೂ ದಿನವೂ ಬರೆಯಿಸದಿರುವುದು ಆಶ್ಚರ್ಯ.

ಹಂಗಾಮಿನ ನಡುವೆ ಬೆಲೆ ಬಿದ್ದರೆ ಗಾಣವನ್ನು ನಿಲ್ಲಿಸಬೇಕೆ? ನಿಲ್ಲಿಸಿದರೂ ಬಡ್ಡಿ, ಸವಕಳಿ, ಗೊತ್ತಾದ ಸಂಬಳ ತಪ್ಪುವುದಿಲ್ಲ. ಬೆಲೆಯು ಕಿಲೋಗೆ 36 ರೂಪಾಯಿಗಿಂತ ಮೇಲಿರುವ ತನಕ ಅರೆಸಿದ ಪ್ರತಿ ಟನ್ನೂ ಆ ಖರ್ಚಿನಲ್ಲಿ ಅಷ್ಟಿಷ್ಟನ್ನು ತೀರಿಸುವುದರಿಂದ, ನಷ್ಟವಿದ್ದರೂ ನಡೆಸುವುದೇ ಕಡಮೆ ನಷ್ಟ. 36ಕ್ಕಿಂತ ಕೆಳಗಿಳಿದರೆ ಅರೆಸಿದಷ್ಟೂ ನಷ್ಟ ಬೆಳೆಯುವುದು. ಆಗ ನಿಲ್ಲಿಸಿ, ಕಬ್ಬನ್ನು ಬೇರೆ ಕಡೆಗೆ ಕೊಡತಕ್ಕದ್ದು. ವರ್ಷವರ್ಷವೂ ಮಟ್ಟವನ್ನು ಮುಟ್ಟದಿದ್ದರೆ ಮಾತ್ರ ಆಲೆಮನೆಯನ್ನೇ ಇಟ್ಟುಕೊಳ್ಳಬೇಕೇ ಎಂಬ ಪ್ರಶ್ನೆಯು ಏಳುತ್ತದೆ.

ಈ ಲೆಕ್ಕವೆಲ್ಲವೂ ದಿನದ ಬರವಣಿಗೆಯನ್ನು ಅವಲಂಬಿಸಿದೆ. ಹಿಂದೆ ಶಾನುಭೋಗರೂ ವರ್ತಕರೂ ಹುಣಿಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದ ಬಟ್ಟೆಯ ಕಡತಗಳಲ್ಲಿ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಇಟಲಿಯ ಲೂಕಾ ಪಾಚಿಯೋಲಿ ಎಂಬ ಗಣಿತಜ್ಞನು 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿವರಿಸಿದ ಇಬ್ಬದಿಯ ಲೆಕ್ಕವು ಇಂದು ಎಲ್ಲೆಡೆಯೂ ರೂಢಿಯಲ್ಲಿದೆ. ಅದರ ತತ್ತ್ವ ಸುಲಭವಾದುದು: ಪ್ರತಿಯೊಂದು ವ್ಯವಹಾರದಲ್ಲಿಯೂ ಪಡೆದ ಖಾತೆಯೊಂದು, ಕೊಟ್ಟ ಖಾತೆಯೊಂದು ಇರುತ್ತದೆ, ಎರಡು ಕಡೆಯೂ ಒಂದೇ ಮೊತ್ತವನ್ನು ಬರೆಯಬೇಕು.

4 ಟನ್ ಕಬ್ಬನ್ನು 12,000ಕ್ಕೆ ಕೊಂಡು 5,000 ಮಾತ್ರ ನಗದು ಕೊಟ್ಟರೆ, ಖರೀದಿಯ ಖಾತೆಗೆ ಪೂರ್ತಿ 12,000 ಖರ್ಚು. ನಗದಿನಲ್ಲಿ 5,000 ಹೋದದ್ದು. ಕಬ್ಬು ಕೊಟ್ಟ ರೈತನ ಹೆಸರಿಗೆ 7,000 ಜಮಾ. ಕೊಟ್ಟ ಐದು ಸಾವಿರವನ್ನಷ್ಟೇ ಬರೆದಿಟ್ಟರೆ ಕಬ್ಬು ಅಗ್ಗವಾಗಿ ಬಂದಂತೆ ತೋರುವುದಲ್ಲದೆ, ಯುಗಾದಿಯ ಹೊತ್ತಿಗೆ ಆ ರೈತನೊಡನೆ ಮನಸ್ತಾಪಕ್ಕೂ ದಾರಿಯಾದೀತು. ಕಬ್ಬನ್ನು ತರಿಸಿದ ಬಾಡಿಗೆಯು ಖರೀದಿಗೆ ಸೇರತಕ್ಕದ್ದು. ಬೆಲ್ಲವನ್ನು ಮಂಡಿಗೆ ಒಯ್ದ ಬಾಡಿಗೆಯು ಮಾರಾಟದ ಖರ್ಚು. ಇವೆರಡನ್ನೂ ಒಂದೇ ಸಾಲಿನಲ್ಲಿ ಕಲಸಬಾರದು.

ಮಾರಾಟವನ್ನು ಹಣ ಬಂದ ದಿನ ಬರೆಯದೆ ಮಾಲು ಕೈಬಿಟ್ಟ ದಿನವೇ ಬರೆಯಬೇಕು. 10 ಕ್ವಿಂಟಾಲ್ ಬೆಲ್ಲವನ್ನು 15 ದಿನದ ವಾಯಿದೆಯ ಮೇಲೆ ವರ್ತಕನಿಗೆ ಕೊಟ್ಟರೆ, ಅಂದೇ ವರ್ತಕನ ಹೆಸರಿಗೆ 42,000 ಖರ್ಚು, ಮಾರಾಟದ ಖಾತೆಗೆ ಅಷ್ಟೇ ಜಮಾ. ಅದರಲ್ಲಿ 50 ಕಿಲೋ ನೀರೊಡೆದಿದೆಯೆಂದು ವಾಪಸು ಬಂದರೆ, ಮಾರಾಟದ ಅಂಕಿಯನ್ನು ತಿದ್ದದೆ, ‘ವಾಪಸು ಬಂದ ಮಾಲು’ ಎಂಬ ಬೇರೆ ಖಾತೆಯಲ್ಲಿ 2,100 ಬರೆದು ವರ್ತಕನ ಬಾಕಿಯನ್ನು 39,900ಕ್ಕೆ ಇಳಿಸುವುದು. ಬೇಗನೆ ಹಣ ಕೊಟ್ಟುದಕ್ಕಾಗಿ ನೂರಕ್ಕೆ ಒಂದರಂತೆ 399 ಸೋಡಿ ಬಿಟ್ಟರೆ ನಗದು 39,501, ಸೋಡಿ 399. ಅಲ್ಲಿಗೆ ಬಾಕಿ ತೀರಿತು. ವಾಪಸಿಗೆ ಪ್ರತ್ಯೇಕ ಖಾತೆಯಿದ್ದರೆ ಯಾವ ವಾರದ ಪಾಕ ಕೆಟ್ಟಿತೆಂಬುದು ತಾನಾಗಿ ತಿಳಿಯುತ್ತದೆ.

ಆಲೆಮನೆಗೆ ಬಂದವರಿಗೆ ಕಬ್ಬಿನ ಹಾಲನ್ನೂ ಬಿಸಿ ಬೆಲ್ಲವನ್ನೂ ಕೊಡುವುದು ಹಳೆಯ ಮರ್ಯಾದೆ. ಅದನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಮನೆಗೆ ಒಯ್ದದ್ದನ್ನೂ ನಂಟರಿಗೆ ಕಳುಹಿಸಿದ್ದನ್ನೂ ತೂಗಿ ಮನೆವಾರ್ತೆಯ ಖಾತೆಗೆ ಬರೆದರಾಯಿತು. ಹಾಗೆ ಬರೆದಿದ್ದರೆ, ತಿಂಗಳ ಕೊನೆಯಲ್ಲಿ ಹಿಂದಿನ ದಾಸ್ತಾನಿಗೆ ತಯಾರಾದುದನ್ನೂ ವಾಪಸು ಬಂದುದನ್ನೂ ಕೂಡಿಸಿ, ಮಾರಿದ್ದನ್ನೂ ಮನೆಗೆ ಹೋದದ್ದನ್ನೂ ಕಳೆದು, ಉಗ್ರಾಣದಲ್ಲಿರುವುದನ್ನು ತೂಗಿ ಸರಿನೋಡಬಹುದು. ವರ್ಷದ ಕೊನೆಗೆ ಉಳಿದ ಬೆಲ್ಲಕ್ಕೆ ಬೆಲೆಕಟ್ಟುವಾಗ ತಯಾರಿಕೆಗೆ ಬಿದ್ದ ಖರ್ಚು, ಅಂದಿನ ಮಂಡಿಯ ಧಾರಣೆ, ಇವೆರಡರಲ್ಲಿ ಕಡಮೆಯಾದುದನ್ನೇ ಹಿಡಿಯತಕ್ಕದ್ದು. ಮಳೆಗಾಲದಲ್ಲಿ ತೇವ ಹೀರಿದ ಬೆಲ್ಲವನ್ನು ಒಳ್ಳೆಯ ಬೆಲ್ಲದಿಂದ ಬೇರ್ಪಡಿಸಿ, ಅದು ಎಷ್ಟಕ್ಕೆ ಹೋದೀತೋ ಅಷ್ಟನ್ನೇ ಬರೆಯುವುದು.