ಹಿಂಗ ಹಿಡಿ, ಹಂಗ ಹೊಡಿ

ರಾಯಚೂರಿನ ಬಿಸಿಲು ಬೆಳಗಿನ ಒಂಬತ್ತಕ್ಕೇ ಕೋಟೆಯ ಕಲ್ಲುಗಳ ಮೇಲೆ ಏರಿ ಕೂತಿರುತ್ತದೆ. ಕೆಳಗೆ ಆಟೋದವರ ಕೂಗು: "ಶಕ್ತಿನಗರ, ಶಕ್ತಿನಗರ, ಬರ್ರಿ ಅಕ್ಕಾರ!" ಚಹಾದಂಗಡಿಯಲ್ಲಿ ಒಬ್ಬರು ಕನ್ನಡದಲ್ಲಿ ಕೇಳುತ್ತಾರೆ, ಅಂಗಡಿಯವನು ಉರ್ದುವಿನಲ್ಲಿ ಉತ್ತರ ಕೊಡುತ್ತಾನೆ, ಚಿಲ್ಲರೆಯ ಲೆಕ್ಕ ತೆಲುಗಿನಲ್ಲಿ ಮುಗಿಯುತ್ತದೆ. ಯಾರಿಗೂ ಇದರಲ್ಲಿ ವಿಶೇಷ ಕಾಣುವುದಿಲ್ಲ.

ಕೋಟೆಯ ಒಳಗೋಡೆಯಲ್ಲಿ ಅಡ್ಡ ಮಲಗಿರುವ ಬಂಡೆಯೊಂದಿದೆ. ಉದ್ದ ಸುಮಾರು 41 ಅಡಿ. ಅದರ ಮೇಲಿನ ತೆಲುಗು ಶಾಸನ 1294ರದು, ಕಾಕತೀಯರ ಕಾಲದ್ದು. ಶಾಸನ ಓದಲು ಬಾರದವರೂ ಅಲ್ಲಿ ಗೀರಿರುವ ಚಿತ್ರವನ್ನು ಓದಬಲ್ಲರು. ಗಟ್ಟಿ ಗಾಲಿಗಳ ಬಂಡಿಯ ಮೇಲೆ ಇದೇ ಬಂಡೆ. ಮುಂದೆ ಎಳೆಯುವ ಕೋಣಗಳ ಸಾಲು. ಅವುಗಳನ್ನು ಹುರಿದುಂಬಿಸುವ ಜನ. ಹಿಂದೆ ಹಾರೆ ಕೊಟ್ಟು ಗಾಲಿ ಮೀಟುವವರು. ಅಷ್ಟು ಕೋಣಗಳು ಒಂದೇ ಗಳಿಗೆಗೆ ಹೆಗಲು ಕೊಡಬೇಕಾದರೆ ಯಾರೋ ಒಬ್ಬ "ಈಗ!" ಎಂದು ಕೂಗಿರಲೇಬೇಕು. ಬಂಡೆ ಉಳಿದಿದೆ, ಬರಹ ಉಳಿದಿದೆ, ಚಿತ್ರವೂ ಉಳಿದಿದೆ. ಆ ಕೂಗು ಮಾತ್ರ ಅಂದೇ ಗಾಳಿಗೆ ಹೋಯಿತು.

ಮನುಷ್ಯ ಮಾತು ಕಲಿತದ್ದು ಹೇಗೆ ಎಂದು ಹುಡುಕಲು ಹೊರಟವರಿಗೆ ಎದುರಾಗುವ ಮೊದಲ ಕಷ್ಟವೂ ಇದೇ. ಎಲುಬು ಕಲ್ಲಾಗುತ್ತದೆ, ಹಲ್ಲು ಉಳಿಯುತ್ತದೆ, ಒಲೆಯ ಬೂದಿಯೂ ಮಣ್ಣಿನಡಿ ಸಿಗುತ್ತದೆ, ಮಾತಿಗೆ ಪಳೆಯುಳಿಕೆಯಿಲ್ಲ. ಬರಹವಾದರೂ ನಿನ್ನೆ ಮೊನ್ನೆಯದು. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಬಂಡೆಶಾಸನ, ಅಶೋಕನ ಹೆಸರನ್ನೇ ಹೇಳುವ ಆ ಶಾಸನ, ಈ ಜಿಲ್ಲೆಯ ದೊಡ್ಡ ಹೆಮ್ಮೆ. ಅದಕ್ಕೆ ಎರಡು ಸಾವಿರದ ಇನ್ನೂರೈವತ್ತು ವರ್ಷದಷ್ಟು ವಯಸ್ಸು. ಮಾತಿನ ವಯಸ್ಸನ್ನು ಲಕ್ಷಗಳಲ್ಲಿ ಎಣಿಸಬೇಕು. ಊಹೆಗಳ ಕಾಟ ತಾಳಲಾರದೆ ಪ್ಯಾರಿಸ್ಸಿನ ಭಾಷಾವಿಜ್ಞಾನ ಸಂಘ 1866ರಲ್ಲಿ ಭಾಷೆಯ ಮೂಲದ ಬಗ್ಗೆ ಯಾವ ಪ್ರಬಂಧವನ್ನೂ ಸ್ವೀಕರಿಸುವುದಿಲ್ಲ ಎಂದು ತನ್ನ ನಿಯಮದಲ್ಲೇ ಬರೆದುಕೊಂಡಿತು.

ಆ ಬಾಗಿಲು ಮತ್ತೆ ತೆರೆಯಲು ನೂರು ವರ್ಷದ ಮೇಲೆ ಬೇಕಾಯಿತು. ಇಸ್ರೇಲಿನ ಕೆಬಾರ ಗುಹೆಯಲ್ಲಿ ಸಿಕ್ಕ ನಿಯಾಂಡರ್ತಲ್ ಮಾನವನ ಗಂಟಲಿನ ಪುಟ್ಟ ಎಲುಬು ನಮ್ಮದನ್ನೇ ಹೋಲುತ್ತದೆಂದು 1989ರಲ್ಲಿ ತಿಳಿಯಿತು. ಲಂಡನ್ನಿನ ಒಂದು ಕುಟುಂಬದಲ್ಲಿ ತಲೆಮಾರುಗಳಿಂದ ಹರಿದುಬಂದ ಮಾತಿನ ತೊಡಕಿಗೆ ಫಾಕ್ಸ್‌ಪಿ2 ಎಂಬ ಜೀನಿನ ದೋಷ ಕಾರಣವೆಂದು 2001ರಲ್ಲಿ ಗೊತ್ತಾಯಿತು. ಅದೇ ಮಾತಿನ ಜೀನು ಎಂದು ಪತ್ರಿಕೆಗಳು ಸಂಭ್ರಮಿಸಿದವು. ಆದರೆ ಆ ಜೀನು ಇಲಿಯಲ್ಲೂ ಇದೆ, ಹಕ್ಕಿಯಲ್ಲೂ ಇದೆ. ಮಂಗನ ಗಂಟಲಿಗೆ ಮಾತಿನ ಸ್ವರ ಹೊರಡಿಸುವ ಶಕ್ತಿಯೇ ಇಲ್ಲವೆಂಬ ಹಳೆಯ ನಂಬಿಕೆಯೂ 2016ರಲ್ಲಿ ಬಿತ್ತು. ಟೆಕುಮ್ಸೆ ಫಿಚ್ ಮತ್ತು ಸಂಗಡಿಗರು ಮಂಗದ ಬಾಯಿ ಗಂಟಲುಗಳ ಚಲನೆಯನ್ನು ಎಕ್ಸ್‌ರೇಯಲ್ಲಿ ಹಿಡಿದು, ಅದಕ್ಕೆ ಬೇಕಾದಷ್ಟು ಸ್ವರಗಳು ಸಾಧ್ಯ, ಕೊರತೆಯಿರುವುದು ಅದನ್ನು ಆಡಿಸುವ ಮೆದುಳಿನಲ್ಲಿ ಎಂದು ತೋರಿಸಿದರು. ಗಂಟಲು, ಜೀನು ಎರಡೂ ಬೇಕು, ನಿಜ. ಅವೆರಡೇ ಸಾಕೆಂದು ನನಗನ್ನಿಸುವುದಿಲ್ಲ. ಮಾತು ಹುಟ್ಟಬೇಕಾದರೆ ಇನ್ನೊಬ್ಬನಿಗೆ ಏನನ್ನೋ ತಿಳಿಸಲೇಬೇಕಾದ ಸಂದರ್ಭ ಬೇಕು. ಅಂಥ ಸಂದರ್ಭದ ಗುರುತು ಎಲ್ಲಾದರೂ ಉಳಿದಿದ್ದರೆ ಅದು ಕೃಷ್ಣೆ, ತುಂಗಭದ್ರೆ ಎಂಬ ಈ ಎರಡು ನದಿಗಳ ಸೀಮೆಗೆ ತುಂಬ ಹತ್ತಿರದಲ್ಲಿದೆ.

ಮಾನ್ವಿಯ ದಾರಿ ನಮ್ಮನ್ನು ತುಂಗಭದ್ರೆಯ ಕಡೆಗೆ ಇಳಿಸುತ್ತದೆ. ಎಡದಂಡೆ ಕಾಲುವೆಯ ನೀರು ತಲುಪಿದ ಕಡೆಯೆಲ್ಲ ಭತ್ತದ ಹಸಿರು. ತಲುಪದ ಕಡೆ ಎರೆಮಣ್ಣು, ಹತ್ತಿ, ತೊಗರಿ. ಇದು ಹಾಡಿನ ಸೀಮೆ. ಚೀಕಲಪರ್ವಿಯ ವಿಜಯದಾಸರು ಈ ತಾಲ್ಲೂಕಿನವರು. ಹರಿಕಥಾಮೃತಸಾರವನ್ನು ಭಾಮಿನಿ ಷಟ್ಪದಿಯಲ್ಲಿ ಬರೆದ ಜಗನ್ನಾಥದಾಸರು (1728–1809) ಬಾಳಿದ್ದು ಮಾನ್ವಿಯಲ್ಲಿ. ದಾಸರ ಗುಡಿಯಲ್ಲಿ ಹೆಂಗಸರು ಕೂತು ಹಾಡುವಾಗ ಕೆಲವರ ತುಟಿ ಪದ ಹಿಡಿಯುವುದಕ್ಕೆ ಮೊದಲೇ ಧಾಟಿ ಹಿಡಿದಿರುತ್ತದೆ. ಪದ ಮರೆತವರು ಸ್ವರದ ಮೇಲೇ ಒಂದು ಸಾಲು ದಾಟಿಬಿಡುತ್ತಾರೆ. ತೊಡೆಯ ಮೇಲಿನ ಕೂಸು ಅರ್ಥವಿಲ್ಲದೆ, ಆದರೆ ಲಯ ತಪ್ಪದೆ, ದನಿಗೂಡಿಸುತ್ತದೆ. ಡಾರ್ವಿನ್ 1871ರಲ್ಲಿ, ಮನುಷ್ಯನ ಪೂರ್ವಜರು ಮೊದಲು ಹಾಡಿರಬೇಕು, ಮಾತು ಆ ಹಾಡಿನೊಳಗಿಂದ ಬಂದಿರಬೇಕು ಎಂದು ಬರೆದ. ಆ ಊಹೆಯನ್ನು ಇಂದಿಗೂ ಗೌರವದಿಂದ ಚರ್ಚಿಸುವ ವಿಜ್ಞಾನಿಗಳಿದ್ದಾರೆ. ಮಾನ್ವಿಯ ಗುಡಿಯಲ್ಲಿ ಕೂತವರಿಗೆ ಅದನ್ನು ನಂಬುವುದು ಸುಲಭ. ಹಾಡು ಮನಸ್ಸುಗಳನ್ನು ಕೂಡಿಸುತ್ತದೆ. ಆದರೆ "ಬಾವಿಯ ಹತ್ತಿರ ಹಾವಿದೆ, ಆ ಕಡೆ ಹೋಗಬೇಡ" ಎಂದು ಹೇಳಲು ಹಾಡೊಂದೇ ಸಾಲದು.

ಸಿರವಾರದ ಮೇಲೆ ದೇವದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ವರ್ಷ ತುಂಬದ ಕೂಸೊಂದು ಅಜ್ಜಿಯ ಹೆಗಲ ಮೇಲಿಂದ ಕಿಟಕಿಯ ಹೊರಗೆ ಬೆರಳು ಚಾಚುತ್ತದೆ. ಕುರಿಹಿಂಡು. ಬೆರಳು ಚಾಚಿ ಸುಮ್ಮನಾಗುವುದಿಲ್ಲ; ತಿರುಗಿ ಅಜ್ಜಿಯ ಮುಖ ನೋಡುತ್ತದೆ. "ಹೌದವ್ವಾ, ಕುರಿ, ಕುರಿ ಅದಾವ" ಎನ್ನುತ್ತಾಳೆ ಅಜ್ಜಿ. ಕೂಸಿಗೆ ಕುರಿ ಬೇಕಾಗಿಲ್ಲ. ತಾನು ಕಂಡದ್ದನ್ನು ಅಜ್ಜಿಯೂ ಕಾಣಲಿ ಎಂಬುದಷ್ಟೇ ಅದರ ಆಸೆ. ಮಾತು ಬರುವ ಮೊದಲೇ ಬರುವ ಈ ಬೆರಳಿನ ಬಗ್ಗೆ ಮನೋವಿಜ್ಞಾನಿ ಮೈಕಲ್ ಟೊಮಾಸೆಲೊ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಬೇಕಾದ್ದನ್ನು ಕೇಳಿ ಪಡೆಯಲು ಕೈಚಾಚುವ ಪ್ರಾಣಿಗಳಿವೆ. ಬಂಡೀಪುರದಲ್ಲಿ ಬೆಂಗಳೂರಿನ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು ಗಮನಿಸಿದ ಕಾಡಿನ ಮಂಗಗಳು ದಾರಿಹೋಕರ ಎದುರು ಕೈ ಚಾಚಿ, ಜೊತೆಗೊಂದು ಮೆಲುದನಿ ತೆಗೆದು, ತಿನಿಸು ಕೇಳುತ್ತವೆ. 2018ರಲ್ಲಿ ಅದು ಪ್ರಕಟವಾಯಿತು. ಮನುಷ್ಯರ ಮುಖ ನೋಡಿ, ಅವರ ಗಮನ ಸೆಳೆದು, ಸಿಗುವತನಕ ಕಾಯುವ ಜಾಣತನ ಅವಕ್ಕಿದೆ. ಬೇಡುವುದಕ್ಕಲ್ಲದೆ ಬರೀ ತೋರಿಸುವುದಕ್ಕಾಗಿ ಬೆರಳು ಚಾಚುವ ಈ ಕೂಸಿನ ಕೆಲಸ ಅದಕ್ಕಿಂತ ಬೇರೆ.

ಬೆರಳು ಎಷ್ಟು ಮಾತಾಡಬಲ್ಲದು ಎನ್ನುವುದನ್ನು ಇಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ. ಈ ಕಡೆಯ ದನದ ಸಂತೆಗಳಲ್ಲಿ ದಲಾಲಿಯ ಕೈ, ಕೊಳ್ಳುವವನ ಕೈ ಟವೆಲ್ಲಿನ ಕೆಳಗೆ ಸೇರುತ್ತವೆ. ಹಿಡಿದ ಬೆರಳೇ ಬೆಲೆ. ಸುತ್ತ ನಿಂತವರಿಗೆ ಕಾಣುವುದು ಟವೆಲ್ಲಿನ ಕದಲಿಕೆ ಮಾತ್ರ. ಇದು ಮಾತಿದ್ದವರು ಗುಟ್ಟಿಗಾಗಿ ಮಾಡಿಕೊಂಡ ಏರ್ಪಾಡು. ಗುಟ್ಟಿಗಲ್ಲ, ಬದುಕಿಗಾಗಿಯೇ ಕೈಯಲ್ಲಿ ಪೂರ್ಣ ಭಾಷೆ ಬೆಳೆಸಿದ ಊರು ನಮ್ಮ ರಾಜ್ಯದಲ್ಲೇ ಇದೆ: ಚಿಕ್ಕಬಳ್ಳಾಪುರ ಜಿಲ್ಲೆ ಗೌರಿಬಿದನೂರು ತಾಲ್ಲೂಕಿನ ಅಲೀಪುರ. ಅಲ್ಲಿ ಹುಟ್ಟಿನಿಂದ ಕಿವುಡರಾದವರ ಸಂಖ್ಯೆ ನೂರನ್ನು ಮೀರುತ್ತದೆ. ಅವರ ನಡುವೆ ಬೆಳೆದ ಸನ್ನೆಭಾಷೆಯನ್ನು ಕಿವಿ ಕೇಳುವ ನೆರೆಹೊರೆಯವರೂ ಆಡುತ್ತಾರೆ. ಸಿಬಾಜಿ ಪಾಂಡಾ ಅದನ್ನು ಅಧ್ಯಯನ ಮಾಡಿ 2012ರಲ್ಲಿ ವಿವರವಾಗಿ ಬರೆದರು. ಯಾವ ಶಾಲೆಯೂ ಆ ಭಾಷೆಯನ್ನು ರೂಪಿಸಿ ಕೊಟ್ಟದ್ದಲ್ಲ. ಮಧ್ಯ ಅಮೆರಿಕದ ನಿಕರಾಗುವಾದಲ್ಲಿ 1970ರ ದಶಕದ ಕೊನೆಯಲ್ಲಿ ಕಿವುಡ ಮಕ್ಕಳ ಶಾಲೆ ತೆರೆದಾಗ, ಮನೆಮನೆಯ ಒರಟು ಸನ್ನೆಗಳೊಂದಿಗೆ ಬಂದ ಮಕ್ಕಳು ಆಟದ ಬಯಲಲ್ಲಿ ಹೊಸ ಭಾಷೆಯನ್ನೇ ಕಟ್ಟಿದರು. ಆಮೇಲೆ ಬಂದ ಚಿಕ್ಕ ಮಕ್ಕಳು ಅದರ ವ್ಯಾಕರಣವನ್ನು ಇನ್ನಷ್ಟು ಬಿಗಿ ಮಾಡಿದರು. ಭಾಷೆ ಹುಟ್ಟುವುದನ್ನು ಕಣ್ಣಾರೆ ಕಂಡ ಅಪರೂಪದ ಸಂಗತಿ ಅದು. ಬಾಯಿಯೇ ಮಾತಿನ ತವರು ಎನ್ನುವವರು ಅಲೀಪುರಕ್ಕೊಮ್ಮೆ ಹೋಗಿ ಬರಬೇಕು.

ದೇವದುರ್ಗ ದಾಟಿ, ಜಾಲಹಳ್ಳಿ ದಾಟಿ ಮುಂದೆ ಸಾಗಿದರೆ ಕೃಷ್ಣೆ. ನಾರಾಯಣಪುರದ ಅಣೆಕಟ್ಟಿನಿಂದ ಇಳಿದ ನೀರು ಬಂಡೆಗಳ ನಡುವೆ ಸೀಳಿಕೊಂಡು ಹರಿಯುತ್ತದೆ. ಸೇತುವೆಯ ಆಚೆ ತಿಂಥಣಿ, ಮೌನೇಶ್ವರನ ನೆಲೆ. ಆಮೇಲೆ ಸುರಪುರ ಸೀಮೆ, ಹುಣಸಗಿ. ಇಲ್ಲಿ ನೆಲದ ಬಣ್ಣ ಬದಲಾಗುತ್ತದೆ. ದೇವದುರ್ಗದ ಕಡೆಯ ಗುಂಡುಗುಂಡಾದ ಗ್ರಾನೈಟು ಹಿಂದೆ ಸರಿದು, ಪದರುಪದರಾಗಿ ಒಡೆಯುವ ಸುಣ್ಣಗಲ್ಲಿನ ತಗ್ಗು ಕಣಿವೆ ತೆರೆದುಕೊಳ್ಳುತ್ತದೆ. ಅಂಚಿನ ಬೋಳುಗುಡ್ಡಗಳ ನಡುವೆ ಜೋಳದ ಹೊಲ, ಹಳ್ಳ, ಬೇಲಿಯ ಜಾಲಿ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಹುಣಸಗಿ, ಬೈಚಬಾಳ ಕಣಿವೆಗಳನ್ನು ದಶಕಗಳ ಕಾಲ ಕಾಲ್ನಡಿಗೆಯಲ್ಲಿ ಜಾಲಾಡಿ, ಆದಿಮಾನವನ ಕೈಗೊಡಲಿಗಳು ಸಿಗುವ ನೆಲೆಗಳನ್ನು ಒಂದೊಂದಾಗಿ ಗುರುತಿಸಿದರು. ಅವುಗಳಲ್ಲಿ ಹುಣಸಗಿಯ ಹತ್ತಿರದ ಇಸಾಂಪುರಕ್ಕೆ ಸಮನಾದದ್ದು ಇನ್ನೊಂದಿಲ್ಲ.

ಇಸಾಂಪುರ ಒಂದು ಕಾರ್ಯಾಗಾರ. 1990ರ ದಶಕದ ಕೊನೆಯಲ್ಲಿ ಅಗೆದಾಗ, ಕೆಲಸ ಅರ್ಧಕ್ಕೆ ಬಿಟ್ಟು ಎದ್ದುಹೋದಂತೆ ಎಲ್ಲವೂ ಇದ್ದಲ್ಲೇ ಇತ್ತು: ನೆಲದಿಂದ ಎಬ್ಬಿಸಿದ ಸುಣ್ಣಗಲ್ಲಿನ ಚಪ್ಪಡಿ, ಅದನ್ನು ಒಡೆಯಲು ಬೇರೆ ಗಟ್ಟಿ ಕಲ್ಲಿನ ಬಡಿಗಲ್ಲು, ಒಡೆದಾಗ ಸಿಡಿದ ಚಕ್ಕೆಗಳ ರಾಶಿ, ಅರ್ಧ ರೂಪ ತಳೆದ ಕೈಗೊಡಲಿ, ಮುಗಿದ ಕೈಗೊಡಲಿ. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಎನಾಮಲ್ಲಿನಿಂದ ಕಾಲ ಲೆಕ್ಕ ಹಾಕಿದಾಗ ಸುಮಾರು 12 ಲಕ್ಷ ವರ್ಷ ಎಂದು ಬಂತು. ನಮ್ಮ ಜಾತಿಯ ಮನುಷ್ಯ ಭೂಮಿಯ ಮೇಲೆ ಕಾಣಿಸಿಕೊಂಡು ಹೆಚ್ಚೆಂದರೆ 3 ಲಕ್ಷ ವರ್ಷ. ಇಲ್ಲಿ ಕೂತು ಕಲ್ಲು ಕೆತ್ತಿದವರು ನಮಗಿಂತ ಎಷ್ಟೋ ಮೊದಲಿನವರು.

ಕೈಗೊಡಲಿ ಹೊಡೆದ ಹಾಗೆ ಆಗುವ ವಸ್ತುವಲ್ಲ. ಎರಡೂ ಮೈ ಹದವಾಗಿ ತೆಳ್ಳಗಾಗಬೇಕು, ಅಂಚು ಸುತ್ತಲೂ ಹರಿತವಾಗಬೇಕು. ಮೂರನೇ ಏಟು ಬೀಳಬೇಕಾದ ಜಾಗವನ್ನು ಮೊದಲ ಏಟಿಗೆ ಮುಂಚೆಯೇ ನೋಡಿಟ್ಟುಕೊಳ್ಳಬೇಕು. ಏಟು ಬೀಳುವ ಮೊದಲು ಅಂಚನ್ನು ಉಜ್ಜಿ ಸಿದ್ಧ ಮಾಡಬೇಕು. ಕಲ್ಲು ತಿರುಗಿಸಬೇಕು, ಕೋನ ಸರಿಪಡಿಸಬೇಕು. ಒಂದರೊಳಗೊಂದು ಕೂತ ಈ ಹಂತಗಳು ವಾಕ್ಯದೊಳಗೆ ವಾಕ್ಯ ಕೂರಿಸುವ ಕೆಲಸಕ್ಕೆ ಹತ್ತಿರವೆಂದು ಪುರಾತತ್ವಜ್ಞ ಡೀಟ್ರಿಕ್ ಸ್ಟೌಟ್ ವಾದಿಸುತ್ತಾರೆ. ಅವರು ಕಲ್ಲು ಕೆತ್ತುವ ಪಳಗಿದ ಕೈಗಳ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಮಾತಿಗೆ ಹೆಸರಾದ ಬ್ರೋಕಾ ಪ್ರದೇಶಕ್ಕೆ ಬಲಬದಿಯಲ್ಲಿ ಜೋಡಿಯಾಗಿರುವ ಭಾಗ ಚುರುಕಾಗಿತ್ತು. ಶೆಲ್ಬಿ ಪಟ್ ಎಂಬ ಸಂಶೋಧಕಿ 2017ರಲ್ಲಿ ಇದಕ್ಕೆ ಎದುರುಪ್ರಶ್ನೆ ಹಾಕಿದರು: ಮಾತಿಲ್ಲದ ವೀಡಿಯೊ ನೋಡಿ ಕೈಗೊಡಲಿ ಕಲಿತವರಲ್ಲಿ ಮಾತಿನ ಭಾಗ ಚುರುಕಾಗಲಿಲ್ಲ, ಕಣ್ಣು, ಕೈ, ನೆನಪುಗಳ ಜಾಲ ಎಚ್ಚೆತ್ತಿತ್ತು. ಹಾಗಾದರೆ ಕಲ್ಲು ಕೆತ್ತಲು ಮಾತು ಬೇಕೇ ಬೇಕೆಂದಿಲ್ಲ. ಸರಿ. ಆದರೆ ಕಲಿಸಲು?

ಥಾಮಸ್ ಮಾರ್ಗನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗ ಕೇಳಿದ್ದು ಇದನ್ನೇ. 184 ಮಂದಿಗೆ ಕಲ್ಲಿನಿಂದ ಹರಿತ ಚಕ್ಕೆ ಎಬ್ಬಿಸುವ ಕೆಲಸ ಕೊಟ್ಟರು. ಕೆಲವರಿಗೆ ಮಾಡಿಟ್ಟ ಚಕ್ಕೆಯನ್ನಷ್ಟೇ ತೋರಿಸಿದರು. ಕೆಲವರು ಮಾಡುವವನನ್ನು ನೋಡಿ ಕಲಿತರು. ಕೆಲವರ ಕೈ ಹಿಡಿದು ತಿದ್ದಿದರು, ಕೆಲವರಿಗೆ ಸನ್ನೆಯಲ್ಲಿ ಹೇಳಿದರು, ಕೆಲವರಿಗೆ ಬಾಯಿಬಿಟ್ಟು ಹೇಳಿದರು. ಕಲಿತವನು ಮುಂದಿನವನಿಗೆ ಕಲಿಸಬೇಕು, ಅವನು ಅದರ ಮುಂದಿನವನಿಗೆ. ನೋಡಿ ಕಲಿತವರಿಗೆ ದಕ್ಕಿದ್ದು ಅಲ್ಪ. ಸನ್ನೆಯಲ್ಲಿ ಕಲಿತವರು ಅವರನ್ನು ಬಹಳ ಹಿಂದೆ ಹಾಕಿದರು. ಮಾತಿನಲ್ಲಿ ಕಲಿತವರು ಎಲ್ಲರಿಗಿಂತ ಮುಂದಿದ್ದರು. ಪದ್ದಯ್ಯನವರ ಜೊತೆ ಇಸಾಂಪುರದ ಕಲ್ಲುಗಳನ್ನು ಪರಿಶೀಲಿಸಿದ ಮೈಕಲ್ ಪೆಟ್ರಾಗ್ಲಿಯ, ಕೇರಿ ಶಿಪ್ಟನ್ ಕೂಡ ಅಲ್ಲಿನ ಆಕಾರಗಳ ಹಿಂದೆ ಒಬ್ಬರನ್ನೊಬ್ಬರು ನಿಷ್ಠೆಯಿಂದ ಅನುಕರಿಸಿದ, ಉದ್ದೇಶ ಹಂಚಿಕೊಂಡ ಮನಸ್ಸುಗಳನ್ನು ಕಂಡಿದ್ದಾರೆ. ಬೇಟೆಯ ಕೂಗಿಗಿಂತ, ಹೆಣ್ಣನ್ನು ಒಲಿಸುವ ಹಾಡಿಗಿಂತ, ಕಲ್ಲಿನ ಮುಂದೆ ಎದುರುಬದುರು ಕೂತ ಹಿರಿಯ ಕಿರಿಯರ ನಡುವೆಯೇ ಮಾತು ಚಿಗುರಿರಬೇಕೆಂದು ನಾನು ನಂಬುತ್ತೇನೆ. ಕೈ ತೋರಿಸಿದ್ದಕ್ಕೆ ದನಿ ಸೇರಿತು. ಕೈಗೆ ಬಿಡುವಿಲ್ಲದಾಗ ದನಿಯೇ ಮುಂದಾಯಿತು.

ಇಸಾಂಪುರದ ಈ ಜಾಗ ಇಷ್ಟು ದೊಡ್ಡದು ಎಂಬ ಸುದ್ದಿ ಹೊಳೆಯ ಈಚೆಗೆ ಸರಿಯಾಗಿ ದಾಟಿಲ್ಲವೆಂಬ ನೋವು ನನಗಿದೆ. ದೇವದುರ್ಗದ, ಮಾನ್ವಿಯ ಶಾಲೆಗಳ ಪ್ರವಾಸದ ಬಸ್ಸು ಹಂಪಿಗೆ, ಬಾದಾಮಿಗೆ ಹೋಗುತ್ತದೆ, ಹೋಗಬೇಕಾದ್ದೇ. ಹುಣಸಗಿಗೂ ಹೋಗಲಿ. ಚಕ್ಕೆ ಎದ್ದ ಕಲ್ಲನ್ನು ಮಗು ಕೈಯಲ್ಲಿ ಹಿಡಿದು, ಏಟು ಬಿದ್ದ ಗುರುತನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಲಿ.

ಮರಳಿ ಬರುವಾಗ ದೇವದುರ್ಗದ ಖಾನಾವಳಿಯಲ್ಲಿ ಮಧ್ಯಾಹ್ನದ ಗದ್ದಲ. ಒಳಗೆ ಒಲೆಯ ಮುಂದೆ ತಾಯಿ, ಹತ್ತು ವರ್ಷದ ಮಗಳು, ಅವಳಿಗಿಂತ ಚಿಕ್ಕವಳಾದ ಪಕ್ಕದ ಮನೆಯ ಹುಡುಗಿ. ಎಸರು ಹಾಕಿ ನಾದಿದ ಜೋಳದ ಹಿಟ್ಟು ಉಂಡೆಯಾಗಿ ಕೂತಿದೆ. ರೊಟ್ಟಿ ಬಡಿಯುವ ಸದ್ದಿಗೆ ತಾಳ ತಪ್ಪುವುದಿಲ್ಲ. ಮಗಳ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ತಾಯಿ ತನ್ನ ಕೈ ನಿಲ್ಲಿಸದೆ, ತಲೆಯೆತ್ತದೆ, "ನಡಕ ಒತ್ತಬ್ಯಾಡವ್ವಾ, ಅಂಚ ತಿರಿವಿಕೋತ ಬಡಿ" ಎನ್ನುತ್ತಾಳೆ. ಸೀಳಿದ್ದನ್ನು ಉಂಡೆ ಮಾಡಿ ಮಗಳು ಮತ್ತೆ ಬಡಿಯುತ್ತಾಳೆ. ಈ ಸಲ ರೊಟ್ಟಿ ದುಂಡಗಾಗಿ ಹಂಚಿಗೆ ಬಿತ್ತು. ಅವಳು ಕೂಡಲೇ ಪಕ್ಕದ ಹುಡುಗಿಯ ಕಡೆ ತಿರುಗಿ, ತಾಯಿ ಹೇಳಿದ್ದನ್ನು ತನ್ನದೇ ಮಾತಿನಲ್ಲಿ, ಇನ್ನೂ ಎರಡು ಸೇರಿಸಿ, ತಾಯಿಗಿಂತ ಜೋರಾಗಿ ಹೇಳತೊಡಗಿದಳು: "ಏ, ಹಂಗಲ್ಲ ಹುಡುಗಿ! ಹಿಂಗ ಹಿಡಿ, ಕೈಗೆ ಹಿಟ್ಟ ಹಚ್ಚಿಕೋ, ಈ ಕಡಿಂದ ಬಡಿ, ತಿರಿವು, ಮತ್ತ ಬಡಿ!"