ಆರನೆಯ ವಾರದ ಸಂಶಯ

ಬಸುರಾದೆನೆಂಬ ಸಂತೋಷವು ಮನೆಮಂದಿಯ ಕಿವಿಗೆ ಬೀಳುವ ಮೊದಲೇ, ಸ್ಕ್ಯಾನಿನ ಕಾಗದವೊಂದು ಅದನ್ನು ಕಸಿದುಕೊಂಡಂತೆ ತೋರುವ ಪ್ರಸಂಗಗಳುಂಟು. ಆ ಕಾಗದದ ಅರ್ಥವನ್ನು ನಮ್ಮ ಸೋದರಿಯರಿಗೆ ತಿಳಿಸುವದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಅಂಕೋಲೆಯ ಸೊಸೆಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಕಡೆಯ ಮುಟ್ಟು ಎಂದಾಯಿತೆಂದು ಕೇಳಿದರೆ “ಬಂಡಿಹಬ್ಬದ ಆಸುಪಾಸಿನಲ್ಲಿ” ಎನ್ನುವಳು. ತುಸು ರಕ್ತ ಕಾಣಿಸಿತೆಂದು ಹೆದರಿ, ಮಳೆಯಲ್ಲಿ 30 ಕಿಲೋಮೀಟರಿಗೂ ಹೆಚ್ಚಿನ ದಾರಿ ಸವೆಸಿ ಕಾರವಾರಕ್ಕೆ ಬಂದಿರುವಳು. ಪರದೆಯ ಮೇಲೆ ಭ್ರೂಣಚೀಲವು ಕಾಣುತ್ತದೆ, ಭ್ರೂಣವು ಕಾಣುವದಿಲ್ಲ. ಜೊತೆಗೆ ಬಂದ ಅತ್ತೆಯವರು “ಹೋಯಿತೇ ಡಾಕ್ಟರೇ?” ಎಂದು ಕೇಳುತ್ತಾರೆ. “ಈಗಲೇ ಹೇಳಲಾಗದು, ಹತ್ತು ದಿನ ಬಿಟ್ಟು ಬನ್ನಿರಿ” ಎಂದು ವೈದ್ಯರೆಂದರೆ, ಅದು ಹಣದ ಆಸೆಯೆಂದು ಗೊಣಗುವವರೇ ಹೆಚ್ಚು. ವಾಸ್ತವವಾಗಿ ಅದೇ ಸರಿಯಾದ ಉತ್ತರವು.

ಬೈತಖೋಲದ ಯಾಂತ್ರಿಕ ದೋಣಿಗಳವರು ನೀರೊಳಗೆ ಶಬ್ದವನ್ನು ಕಳುಹಿ, ಮರಳಿದ ಪ್ರತಿಧ್ವನಿಯಿಂದ ಮೀನಿನ ಹಿಂಡನ್ನು ಅರಿಯುವದುಂಟಷ್ಟೆ? ಸ್ಕ್ಯಾನಿನ ತತ್ತ್ವವೂ ಅದೇ. ಕಿವಿಗೆ ಕೇಳದ ಶಬ್ದವೇ ಅಲ್ಲಿ ಬೆಳಕಿನ ಕೆಲಸ ಮಾಡುವದು, ಕ್ಷಕಿರಣಗಳ ಸೋಂಕಿಲ್ಲ. ಗ್ಲಾಸ್ಗೋ ನಗರದ ವೈದ್ಯ ಇಯಾನ್ ಡೊನಾಲ್ಡರು ಲೋಹದ ಬಿರುಕು ಹುಡುಕುವ ಯಂತ್ರದಿಂದ ಆರಂಭಿಸಿ, 1958ರಲ್ಲಿ ಈ ಪರೀಕ್ಷೆಯನ್ನು ಲೋಕಕ್ಕೆ ತಿಳಿಸಿದರು.

ಕಡೆಯ ಮುಟ್ಟಿನಿಂದೆಣಿಸಿದರೆ ಐದನೆಯ ವಾರದ ಸುಮಾರಿಗೆ ಚೀಲವೂ, ಆರನೆಯದರಲ್ಲಿ ಹೃದಯದ ಮಿಡಿತವೂ ಗೋಚರಿಸುವವು. ಹಬ್ಬದ ಲೆಕ್ಕದಲ್ಲಿ ಹತ್ತು ದಿನ ತಪ್ಪಿದರೆ, ಕಾಣಬೇಕಾದುದು ಇನ್ನೂ ಹುಟ್ಟಿಯೇ ಇರದು! ಹಿಂದೆ 5 ಮಿಲಿಮೀಟರಿನ ಭ್ರೂಣದಲ್ಲಿ ಮಿಡಿತವಿಲ್ಲದಿದ್ದರೆ ಗರ್ಭವು ನಷ್ಟವಾಯಿತೆಂದು ತೀರ್ಮಾನಿಸುತ್ತಿದ್ದರು. ಅಳತೆಯ ಅಲ್ಪ ದೋಷದಿಂದ ಜೀವಂತ ಗರ್ಭಕ್ಕೂ ಕುತ್ತು ಬರಬಹುದೆಂದು, 2013ರಲ್ಲಿ ಅಮೇರಿಕೆಯ ತಜ್ಞರು ಆ ಮಿತಿಯನ್ನು 7 ಮಿಲಿಮೀಟರಿಗೆ ಏರಿಸಿದರು. ಭ್ರೂಣವೇ ಕಾಣದ ಚೀಲಕ್ಕೆ 25 ಮಿಲಿಮೀಟರು. ಇವು ಯೋನಿಮಾರ್ಗದಿಂದ ಮಾಡುವ ಸ್ಕ್ಯಾನಿನ ಅಳತೆಗಳು. ಅದಕ್ಕಿಂತ ಚಿಕ್ಕದಿದ್ದರೆ 7ರಿಂದ 14 ದಿನಗಳ ಮೇಲೆ ಮತ್ತೊಮ್ಮೆ ನೋಡುವದೇ ಕ್ರಮ. ಅಲ್ಲಿಯ ವರೆಗೆ “ತೊಳೆಸಿಬಿಡಿ” ಎಂಬ ನೆರೆಮನೆಯ ಉಪದೇಶಕ್ಕೆ ಕಿವಿಗೊಡಬಾರದು; ಗುಳಿಗೆಯನ್ನೂ ತಾನಾಗಿ ನುಂಗಬಾರದು.

ಆದರೆ ಮೂತ್ರಪರೀಕ್ಷೆಯು ಗರ್ಭವೆನ್ನುತ್ತಿರಲು ಗರ್ಭಕೋಶದಲ್ಲಿ ಚೀಲವೇ ಇಲ್ಲವೆಂದರೆ ಮಾತೇ ಬೇರೆ. ಗರ್ಭವು ನಳಿಕೆಯಲ್ಲಿ ನಿಂತಿರಬಹುದು. ಆಗ 48 ತಾಸುಗಳ ಅಂತರದಲ್ಲಿ ಎರಡು ಸಲ ರಕ್ತ ಪರೀಕ್ಷಿಸಿ, ಗರ್ಭದ ಹಾರ್ಮೋನು ಏರುವ ರೀತಿಯನ್ನು ನೋಡುತ್ತಾರೆ. ಕೆಳಹೊಟ್ಟೆಯ ತೀವ್ರ ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು ಕಂಡರೆ ಬೆಳಗಾಗುವದನ್ನು ಕಾಯದೆ, ನಡುರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಬೇಕು. ನಳಿಕೆಯೊಡೆದು ಒಳಗೇ ರಕ್ತ ಸೋರಿದರೆ ತಾಯಿಯ ಪ್ರಾಣಕ್ಕೇ ಅಪಾಯ.

ಎರಡನೆಯ ಸಲ ಹೋಗುವಾಗ ಮೊದಲಿನ ಕಾಗದವನ್ನು ತಪ್ಪದೆ ಒಯ್ಯಿರಿ. ಅದರಲ್ಲಿಯ ಮಿಲಿಮೀಟರುಗಳಿಗೆ ಹೋಲಿಸಿಯೇ ವೈದ್ಯರು ಬೆಳವಣಿಗೆಯನ್ನು ತಿಳಿಯುವರು.