ಪೊಟ್ಟಣ ತಿರುಗಿಸಿ ನೋಡಿ
ಕಾಸರಗೋಡಿನ ಪೇಟೆಯಲ್ಲಿ ನೀವು ಕೊಳ್ಳುವ ವಿದೇಶಿ ಖರ್ಜೂರ ತಪಾಸಣೆ ದಾಟಿ ಬಂದದ್ದೇ?

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಪ್ರಕಾರ, ಪರವಾನಗಿ ಪಡೆದವರು ಮಾತ್ರ ಮಾರಾಟಕ್ಕೆ ಆಹಾರ ತರಿಸಬಹುದು. ಕೊಚ್ಚಿಯಂಥ ಬಂದರಿನಲ್ಲಿ ಅಧಿಕಾರಿಗಳು ದಾಖಲೆ, ಲೇಬಲು ನೋಡುತ್ತಾರೆ. ವರ್ಷದ ಬಾಳಿಕೆಯ ತಿನಿಸಾದರೆ ಕನಿಷ್ಠ ಮೂರು ತಿಂಗಳು ಬಾಕಿ ಇರಬೇಕು. ಮಾದರಿ ತೆಗೆದಾಗ ಒಂದು ಭಾಗ ಪ್ರಯೋಗಾಲಯಕ್ಕೆ. ಇನ್ನೊಂದು ಮರುಪರೀಕ್ಷೆಗೆಂದು ಕಾದಿಡುತ್ತಾರೆ. ತೇರ್ಗಡೆಯಾಗದ ಸರಕು ಪೇಟೆ ಸೇರುವಂತಿಲ್ಲ.

ಗಲ್ಫಿನಿಂದ ಊರಿಗೆ ಬರುವವರು ಮನೆಬಳಕೆಗೆಂದು ಪೆಟ್ಟಿಗೆಯಲ್ಲಿ ತಂದದ್ದಕ್ಕೆ ಈ ಪರೀಕ್ಷೆಯಿಲ್ಲ. ಅದೇ ಪೊಟ್ಟಣ ಅಂಗಡಿಯ ಕಪಾಟು ಸೇರಿದರೆ, ಅದು ತಪಾಸಣೆ ದಾಟದ ಸರಕೇ ಆಗಿರುತ್ತದೆ. ಆದ್ದರಿಂದ ತಿರುಗಿಸಿ ನೋಡಿ: ಆಮದುದಾರರ ಹೆಸರು, ವಿಳಾಸ, 14 ಅಂಕಿಗಳ ಪರವಾನಗಿ ಸಂಖ್ಯೆ ಇವೆಯೇ? ಇಲ್ಲವಾದರೆ ಕೊಳ್ಳಬೇಡಿ.